ಮಕ್ಕಳ ಕೈಯಲ್ಲಿ ಕಾಗದದ ಒಲಿಂಪಿಕ್ಸ್

ಬಾನುಲಿಯಲ್ಲಿ ಕತ್ತರಿ ಕೆಲಸವನ್ನು ಕಲಿಸಹೊರಡುವುದು ಕತ್ತಲೆಯಲ್ಲಿ ರಂಗೋಲಿ ಹಾಕಿದಂತೆಯೇ ಸರಿ. ನನ್ನ ಕೈ ನಿಮಗೆ ಕಾಣುವುದಿಲ್ಲ; ನಿಮ್ಮ ಕೈ ನನಗೆ ಕಾಣುವುದಿಲ್ಲ. ಆದುದರಿಂದ ಕೇಳುಗರಲ್ಲಿ ಮೊದಲೇ ಒಂದು ವಿನಂತಿ. ಹತ್ತಿರದಲ್ಲಿ ಹಳೆಯ ವೃತ್ತಪತ್ರಿಕೆಯ ಹಾಳೆಯೊಂದಿದ್ದರೆ ತೆಗೆದುಕೊಂಡು ಕುಳಿತುಕೊಳ್ಳಿ. ಮನೆಯಲ್ಲಿ ಮಕ್ಕಳಿದ್ದರೆ ಅವರನ್ನೂ ಕರೆಯಿರಿ. ನಾನು ಹೇಳುವುದರಲ್ಲಿ ಅರ್ಧ ಕಥೆ, ಅರ್ಧ ಕೆಲಸ. ಕಥೆ ದೊಡ್ಡವರಿಗೆ, ಕೆಲಸ ಚಿಕ್ಕವರಿಗೆ ಎಂದು ನೀವು ಹಂಚಿಕೊಂಡರೆ ನನ್ನ ಆಕ್ಷೇಪಣೆಯೇನೂ ಇಲ್ಲ.

ನಾಲ್ಕು ವರ್ಷಕ್ಕೊಮ್ಮೆ ಒಲಿಂಪಿಕ್ ಕ್ರೀಡೆಗಳು ಬಂದಾಗ ಮಕ್ಕಳಿಗೆ ಆ ಹದಿನೈದು ದಿನಗಳೂ ಹಬ್ಬವೇ. 2024ರಲ್ಲಿ ಪ್ಯಾರಿಸ್ಸಿನಲ್ಲಿ ಅದು ನಡೆದಾಗ ನಮ್ಮ ಬೀದಿಯ ಹುಡುಗರು ಕೋಲು ಸಿಕ್ಕರೆ ಭರ್ಜಿ, ಚೆಂಡು ಸಿಕ್ಕರೆ ಗುಂಡು ಎಂದು ಎಸೆಯುತ್ತಿದ್ದರು. ಇಂಥ ಸಮಯದಲ್ಲಿ ಪೇಟೆಯವರೂ ಸುಮ್ಮನಿರುವುದಿಲ್ಲ. ಪ್ಲಾಸ್ಟಿಕ್ಕಿನ ಪದಕ, ಅಚ್ಚು ಹಾಕಿದ ಉಂಗುರಗಳ ಹಾಳೆ ಮಾರಾಟಕ್ಕೆ ಬರುತ್ತವೆ. ಮಗು ಗೆರೆಯೊಳಗೆ ಬಣ್ಣ ತುಂಬಿದರೆ ಆಯಿತು, ಕೈಕೆಲಸ ಮುಗಿಯಿತು! ನನಗೆ ಇದು ಒಪ್ಪಿಗೆಯಾಗದು. ಒಲಿಂಪಿಕ್ಸಿನ ಗುರುತುಗಳನ್ನು ಒಂದೊಂದಾಗಿ ನೆನೆದುಕೊಳ್ಳಿ: ಎಲೆಯ ಕಿರೀಟ, ಐದು ಉಂಗುರ, ಪಂಜಿನ ಉರಿ, ಹಾರಿಬಿಟ್ಟ ಹಕ್ಕಿ. ಇವೆಲ್ಲ ಹಗುರವಾದ ವಸ್ತುಗಳು. ಕಾಗದಕ್ಕೆ ತಾವಾಗಿ ಒಗ್ಗುವಂಥವು. ಭಾರವಾದುದು ಪದಕವೊಂದೇ. ನಮ್ಮ ಮನೆಯ ಜಗುಲಿಯಲ್ಲಿ ಪ್ರತಿ ಶನಿವಾರ ಸಂಜೆ ಸೇರುವ ಮಕ್ಕಳ ಕಾಗದದ ಒಲಿಂಪಿಕ್ಸಿನಲ್ಲಿ ಆ ಪದಕಕ್ಕೆ ಮಾತ್ರ ನಾನು ಸ್ಥಾನ ಕೊಟ್ಟಿಲ್ಲ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಉಂಗುರಗಳಿಂದ ಆರಂಭಿಸೋಣ. ಆಧುನಿಕ ಒಲಿಂಪಿಕ್ಸಿಗೆ ಜೀವ ಕೊಟ್ಟ ಫ್ರಾನ್ಸಿನ ಪಿಯೆರ್ ದ ಕುಬೆರ್ತಾಂ 1913ರಲ್ಲಿ ಒಂದು ಪತ್ರದ ನೆತ್ತಿಯ ಮೇಲೆ ಈ ಉಂಗುರಗಳನ್ನು ಕೈಯಿಂದಲೇ ಬರೆದು ಬಣ್ಣ ಹಚ್ಚಿದರು. ಎಂದರೆ, ಇಂದು ಜಗತ್ತೆಲ್ಲ ಬಲ್ಲ ಈ ಗುರುತು ಹುಟ್ಟಿದ್ದೇ ಒಂದು ಕಾಗದದ ಹಾಳೆಯ ಮೇಲೆ. ಮರುವರ್ಷವೇ ಮಹಾಯುದ್ಧ ಬಂತು. 1916ರ ಕ್ರೀಡೆಗಳು ನಡೆಯಲಿಲ್ಲ. ಬಿಳಿಯ ಬಟ್ಟೆಯ ಮೇಲಿನ ಆ ಉಂಗುರಗಳು ಒಲಿಂಪಿಕ್ ಕ್ರೀಡಾಂಗಣದಲ್ಲಿ ಮೊದಲು ಹಾರಾಡಿದ್ದು 1920ರಲ್ಲಿ, ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದಲ್ಲಿ.

ನೀಲಿಯೆಂದರೆ ಯೂರೋಪು, ಹಳದಿಯೆಂದರೆ ಏಷ್ಯಾ, ಕಪ್ಪೆಂದರೆ ಆಫ್ರಿಕಾ ಎಂದು ಮಕ್ಕಳಿಗೆ ಉರುಹೊಡೆಸುವುದುಂಟು. ಕುಬೆರ್ತಾಂ ಅವರ ಲೆಕ್ಕ ಅದಾಗಿರಲಿಲ್ಲ. ಐದು ಉಂಗುರ ಐದು ಖಂಡಗಳಿಗೆ ಎಂಬುದು ನಿಜ. ಆದರೆ ಬಣ್ಣಗಳ ಮಾತು ಬೇರೆ. ಹಿನ್ನೆಲೆಯ ಬಿಳಿಯೂ ಸೇರಿದರೆ ಬಣ್ಣಗಳು ಆರಾಗುತ್ತವಷ್ಟೆ. ಅಂದಿನ ಎಲ್ಲ ರಾಷ್ಟ್ರಗಳ ಧ್ವಜಗಳನ್ನೂ ಈ ಆರರಿಂದಲೇ ಬರೆಯಬಹುದೆಂಬುದು ಅವರ ಎಣಿಕೆ. ಮನುಷ್ಯರ ಮೈಬಣ್ಣವನ್ನು ಉಂಗುರಗಳಿಗೆ ಹಚ್ಚಿ ಮಕ್ಕಳಿಗೆ ಪಾಠ ಹೇಳುವ ಅಗತ್ಯ ಎಳ್ಳಷ್ಟೂ ಇಲ್ಲ. ಇದನ್ನು ವಿವರಿಸುತ್ತಿದ್ದಾಗ ಒಬ್ಬ ಹುಡುಗ, “ಹಾಗಾದರೆ ನಮ್ಮ ಬಾವುಟದ ಕೇಸರಿ ಎಲ್ಲಿ ಅಜ್ಜಿ?” ಎಂದು ಕೇಳಿದ. 1913ರಲ್ಲಿ ನಮಗೆ ಇಂದಿನ ತ್ರಿವರ್ಣಧ್ವಜ ಇರಲಿಲ್ಲವಪ್ಪ ಎಂದು ನಾನು ಇತಿಹಾಸ ತೆಗೆಯುವಷ್ಟರಲ್ಲಿ ಪಕ್ಕದ ಹುಡುಗಿ, “ಕೆಂಪಿಗೆ ಹಳದಿ ಕಲಸಿದರೆ ಕೇಸರಿ ಬರುತ್ತಲ್ಲ” ಎಂದು ತೀರ್ಪು ಕೊಟ್ಟುಬಿಟ್ಟಳು.

ಈಗ ಕೆಲಸಕ್ಕೆ ಬರೋಣ. ವೃತ್ತ ಬರೆಯಲು ಕೈವಾರ ಬೇಡ. ಅದರ ಮುಳ್ಳು ಚಿಕ್ಕ ಮಕ್ಕಳಿಗೆ ಹೇಳಿಸಿದ್ದಲ್ಲ. ಅಮ್ಮನ ಕೈಬಳೆಯನ್ನು ಬಣ್ಣದ ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ಅದರ ನಡುವೆ ಮಗುವಿನ ಬಳೆಯನ್ನಿಟ್ಟು ಇನ್ನೊಂದು ಗೆರೆ. ಎರಡು ಗೆರೆಗಳ ನಡುವಣ ಪಟ್ಟಿಯೇ ಉಂಗುರ. ಹೊರಗಿನ ವೃತ್ತವನ್ನು ಕತ್ತರಿಸುವುದು ಸುಲಭ. ಒಳಗಿನದನ್ನು ತೆಗೆಯುವಾಗ ಮಕ್ಕಳು ತಡವರಿಸುತ್ತಾರೆ. ವೃತ್ತವನ್ನು ಮಧ್ಯಕ್ಕೆ ಮೆಲ್ಲನೆ ಮಡಿಚಿ, ಮಡಿಕೆಯಲ್ಲಿ ಒಂದು ಕಚ್ಚು ಹಾಕಿಕೊಟ್ಟರೆ ಕತ್ತರಿಯ ಮೂತಿಗೆ ದಾರಿ ಸಿಗುತ್ತದೆ. ಕತ್ತರಿಯ ತುದಿ ಮೊಂಡಾಗಿರಲಿ.

ಹೀಗೆ ಐದು ಬಣ್ಣದ ಐದು ಉಂಗುರಗಳಾದುವು. ಇವನ್ನು ಒಂದರೊಳಗೊಂದು ಕೋಯುವುದು ಹೇಗೆ? ಇಲ್ಲಿ ನಾನು ಸುಮ್ಮನಾಗಿಬಿಡುತ್ತೇನೆ. ಮಕ್ಕಳು ಐದನ್ನೂ ಕತ್ತರಿಸಲು ಹೊರಡುತ್ತಾರೆ. “ಆದಷ್ಟು ಕಡಿಮೆ ಉಂಗುರಗಳನ್ನು ಸೀಳಿ ಐದನ್ನೂ ಸೇರಿಸಿರಿ ನೋಡೋಣ” ಎಂದರೆ ಜಗುಲಿಯಲ್ಲಿ ನಿಶ್ಶಬ್ದ. ಎರಡೇ ಸಾಕು! ಮೇಲಿನ ಸಾಲಿನ ನೀಲಿ, ಕಪ್ಪು, ಕೆಂಪು ಉಂಗುರಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ಕೆಳಗಿನ ಹಳದಿ ಒಂದು ಕೈಯಿಂದ ನೀಲಿಯನ್ನೂ ಇನ್ನೊಂದರಿಂದ ಕಪ್ಪನ್ನೂ ಹಿಡಿದಿದೆ. ಹಸಿರು ಹಾಗೆಯೇ ಕಪ್ಪನ್ನೂ ಕೆಂಪನ್ನೂ ಹಿಡಿದಿದೆ. ಹಳದಿಗೆ ಒಂದು ಸೀಳು, ಹಸಿರಿಗೆ ಒಂದು ಸೀಳು. ಕೋದು, ಸೀಳನ್ನು ಹಿಂಬದಿಯಿಂದ ಒಂದು ಚೂರು ಕಾಗದ ಅಂಟಿಸಿ ಮುಚ್ಚಿದರೆ ಮುಗಿಯಿತು. ಗಣೇಶನ ಹಬ್ಬದ ಚಪ್ಪರಕ್ಕೆ ಕಟ್ಟುವ ಕಾಗದದ ಸರಪಳಿಯೇ ಇದು. ಎರಡು ಸಾಲಾಗಿ ಹರಡಿದ್ದರಿಂದ ನಮಗೆ ಗುರುತು ಸಿಕ್ಕಿರಲಿಲ್ಲ, ಅಷ್ಟೆ. ಈ ಸಂಗತಿಯನ್ನು ಮಗು ತಾನೇ ಕಂಡುಕೊಳ್ಳುವ ಗಳಿಗೆಯಲ್ಲಿ ಅದರ ಮುಖವನ್ನು ನೋಡಬೇಕು. ಅಚ್ಚು ಹಾಕಿದ ಹಾಳೆ ಕಿತ್ತುಕೊಳ್ಳುವುದು ಈ ಗಳಿಗೆಯನ್ನೇ.

ಅಂಟಿಗೆ ಮೈದಾ ಹಿಟ್ಟಿನ ಸರಿ ಸಾಕು. ಹುಳು ಹಿಡಿಯದಿರಲೆಂದು ಅದಕ್ಕೆ ಮೈಲುತುತ್ತ ಸೇರಿಸುವ ಹಳೆಯ ಪದ್ಧತಿಯುಂಟು. ಮಕ್ಕಳ ಕೈ ಬಾಯಿಗೆ ಹೋಗುವುದರಿಂದ ಅದು ಬೇಡವೇ ಬೇಡ. ಅಂದಂದಿಗೆ ಬೇಕಾದಷ್ಟನ್ನೇ ಕಾಯಿಸಿಕೊಳ್ಳಿ.

ನಡುವೆ ಒಂದು ಮಾತು. ಒಂದೂರಿನ ಶಾಲೆಯ ಪ್ರದರ್ಶನಕ್ಕೆ ನನ್ನನ್ನು ಕರೆದಿದ್ದರು. ಗೋಡೆಯ ಮೇಲೆ ಸಾಲಾಗಿ ನಲವತ್ತು ಜೊತೆ ಉಂಗುರಗಳು. ಒಂದೊಂದೂ ಅಚ್ಚುಕಟ್ಟು, ಒಂದರಂತೆ ಇನ್ನೊಂದು. ಒಬ್ಬ ಹುಡುಗನನ್ನು ಕರೆದು, “ನಿನ್ನದು ಯಾವುದಪ್ಪ?” ಎಂದೆ. ಅವನು ಬಹಳ ಹೊತ್ತು ನೋಡಿದ, ಗುರುತಿಸಲಾರದೆ ಹೋದ. ಕತ್ತರಿಸಿದ್ದು ಉಪಾಧ್ಯಾಯರು, ಅಂಟು ಬಳಿದದ್ದು ಮಕ್ಕಳು. ಸೊಟ್ಟಗಿದ್ದರೂ ತನ್ನದೆಂದು ಬೊಟ್ಟುಮಾಡಿ ತೋರಿಸುವಂತಿರಬೇಕು. ಮಗುವಿನ ಕೈಯಿಂದ ಕತ್ತರಿಯನ್ನು ಕಸಿದುಕೊಂಡು “ಹೀಗಲ್ಲ, ಕೊಡಿಲ್ಲಿ” ಎನ್ನುವ ಚಪಲ ನಮಗೆಲ್ಲ ಇದೆ. ಆಗ ದೊಡ್ಡವರು ತಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುವುದು ಮೇಲು.

ಇನ್ನು ಕಿರೀಟ. ಗ್ರೀಸಿನ ಒಲಿಂಪಿಯಾದಲ್ಲಿ ಪ್ರಾಚೀನ ಕಾಲದಲ್ಲಿ ಗೆದ್ದವನಿಗೆ ಕ್ರೀಡಾಸ್ಥಳದಲ್ಲಿ ಕೊಡುತ್ತಿದ್ದುದು ಕಾಡು ಆಲಿವ್ ಮರದ ಎಲೆಗಳ ಒಂದು ಬಳಸು ಮಾತ್ರ. ಆಲಿವ್ ಎಲೆ ನೀಳವಾದುದು. ನಮ್ಮ ಕಣಗಿಲೆಯ ಎಲೆಯನ್ನು ಗಿಡ್ಡಮಾಡಿದರೆ ಹೇಗೋ ಹಾಗೆ. ಮೇಲ್ಭಾಗ ಹಸಿರು, ಕೆಳಭಾಗಕ್ಕೆ ಬೆಳ್ಳಿಯ ಛಾಯೆ. ಹಸಿರು ಕಾಗದದ ಬೆನ್ನಿಗೆ ಚಹಾ ಪೊಟ್ಟಣದ ಬೇಗಡೆಯನ್ನು ಅಂಟಿಸಿ, ಒಣಗಿದ ಮೇಲೆ ಎಲೆಗಳನ್ನು ಕತ್ತರಿಸಿದರೆ ಎರಡು ಮುಖಗಳೂ ಸಿದ್ಧ. ಮಗುವಿನ ತಲೆಯ ಸುತ್ತಳತೆಗೆ ಒಂದು ರಟ್ಟಿನ ಪಟ್ಟಿ. ಅದರ ಮೇಲೆ ಜೋಡಿ ಜೋಡಿಯಾಗಿ ಎಲೆ. ಎಲೆಯ ನಡುವೆ ಉಗುರಿನಿಂದ ಒಂದು ಗೀರು ಎಳೆದು ಮಡಿಚಿದರೆ ನರ ಎದ್ದು ಕಾಣುತ್ತದೆ. 2004ರಲ್ಲಿ ಕ್ರೀಡೆಗಳು ಅಥೆನ್ಸಿಗೆ ಮರಳಿದಾಗ ಪದಕ ಗೆದ್ದವರ ತಲೆಗೆ ಆಲಿವ್ ಎಲೆಗಳ ಬಳಸನ್ನು ಮತ್ತೆ ತೊಡಿಸಿದರು.

ಇದೇ ಅಥೆನ್ಸಿನಲ್ಲಿ 1896ರಲ್ಲಿ ಮೊದಲ ಆಧುನಿಕ ಕ್ರೀಡೆಗಳು ನಡೆದಾಗ ಚಿನ್ನದ ಪದಕವೆಂಬುದು ಇರಲಿಲ್ಲ. ಮೊದಲಿಗನಿಗೆ ಬೆಳ್ಳಿಯ ಪದಕ, ಒಂದು ಆಲಿವ್ ಕೊಂಬೆ. ಚಿನ್ನ, ಬೆಳ್ಳಿ, ಕಂಚು ಎಂಬ ಕ್ರಮ ಬಂದದ್ದು 1904ರ ಸೇಂಟ್ ಲೂಯಿ ನಗರದ ಕ್ರೀಡೆಗಳಿಂದ. ಇಂದಿನ ಚಿನ್ನದ ಪದಕವೂ ಹೆಚ್ಚುಪಾಲು ಬೆಳ್ಳಿಯೇ. ಚಿನ್ನ ಮೇಲಿನ ಲೇಪ. ಮದುವೆಯ ಕರೆಯೋಲೆಯ ಹೊಳೆಯುವ ರಟ್ಟನ್ನು ದುಂಡಗೆ ಕತ್ತರಿಸಿ ರಿಬ್ಬನ್ ಕಟ್ಟಿದರೆ ಐದು ನಿಮಿಷದಲ್ಲಿ ಪದಕವಾಗುತ್ತದೆ. ಅದರಲ್ಲಿ ಕುಶಲತೆ ಏನೂ ಇಲ್ಲ. ಆದರೆ ಪದಕ ಒಮ್ಮೆ ಜಗುಲಿಗೆ ಬಂತೆಂದರೆ ಮರುಕ್ಷಣವೇ ಪ್ರಶ್ನೆ ಹುಟ್ಟುತ್ತದೆ: ಇದು ಯಾರ ಕೊರಳಿಗೆ? ಎಲ್ಲರಿಗೂ ಒಂದೊಂದು ಕೊಟ್ಟರೆ ಅದು ಸುಳ್ಳೆಂದು ಮಕ್ಕಳಿಗೆ ಗೊತ್ತು. ಒಬ್ಬರಿಗೇ ಕೊಟ್ಟರೆ ಉಳಿದವರ ಕೈಯಲ್ಲಿದ್ದ ಕತ್ತರಿ ನಿಂತುಬಿಡುತ್ತದೆ. ಮೈದಾನದಲ್ಲಿ ಸೋಲು ಗೆಲುವು ಇರಲಿ, ಇರಬೇಕು. ಅದನ್ನು ನಾನು ಅಲ್ಲಗಳೆಯುವವಳಲ್ಲ. ಮೊದಲ ಸಲ ಉಂಗುರ ಕತ್ತರಿಸುತ್ತಿರುವ ಆರು ವರ್ಷದ ಕೈಗೆ ಮಾತ್ರ ಆ ತೂಕವನ್ನು ಕಟ್ಟಬಾರದು.

ಪದಕದ ಬದಲು ನಾವು ಓಟಗಾರನನ್ನು ಮಾಡುತ್ತೇವೆ. ಅಂಗೈಯಷ್ಟು ಅಗಲದ ರಟ್ಟು. ಅದರ ಮೇಲೆ ಸೊಂಟದವರೆಗೆ ಒಬ್ಬ ಮನುಷ್ಯನ ಚಿತ್ರ, ಕಾಲು ಬೇಡ. ಸೊಂಟದ ಕೆಳಗೆ ಬೆರಳು ತೂರುವಷ್ಟು ಎರಡು ತೂತು. ಮಗು ತನ್ನ ತೋರುಬೆರಳನ್ನೂ ನಡುಬೆರಳನ್ನೂ ಹಿಂದಿನಿಂದ ತೂರಿಸಿದರೆ ಅವೇ ಕಾಲುಗಳು. ಮಣೆಯ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ತಮ್ಮನ ಬೆನ್ನ ಮೇಲೆ ಓಟವೇ ಓಟ. ನಮ್ಮ ಜಗುಲಿಯಲ್ಲಿ ಈ ಓಟಗಾರನಿಗೆ ಒಂದು ಹೆಸರಿದೆ: ಫಡೆಪ್ಪ.

ಐದು ಉಂಗುರಗಳ ಧ್ವಜ ಮೊದಲು ಹಾರಿದ್ದು 1920ರ ಆಂಟ್‌ವರ್ಪಿನಲ್ಲಿ ಎಂದೆನಲ್ಲ. ಆ ಧ್ವಜದಡಿಯಲ್ಲಿ ಓಡಿದವರಲ್ಲಿ ನಮ್ಮ ಬೆಳಗಾವಿಯವರೊಬ್ಬರಿದ್ದರು. ದೊರಾಬ್ಜಿ ತಾತಾ ಅವರ ಆಸಕ್ತಿಯಿಂದ ಭಾರತದ ಒಂದು ಚಿಕ್ಕ ತಂಡ ಅಲ್ಲಿಗೆ ಹೋಗಿತ್ತು. ಅದರಲ್ಲಿ ಫಡೆಪ್ಪ ದರೆಪ್ಪ ಚೌಗುಲೆ ಅವರು ಮ್ಯಾರಥಾನ್ ಓಡಿದರು. ಆ ವರ್ಷದ ಮ್ಯಾರಥಾನ್ 42.75 ಕಿಲೋಮೀಟರು, ಎಂದಿನದಕ್ಕಿಂತ ಒಂದಿಷ್ಟು ಉದ್ದವೇ. ಗೆದ್ದವರು ಫಿನ್ಲೆಂಡಿನ ಹಾನೆಸ್ ಕೊಲೆಹ್ಮಾಯ್ನೆನ್. ಬೆಳಗಾವಿಯ ಚೌಗುಲೆ ಹತ್ತೊಂಬತ್ತನೆಯವರಾಗಿ ಮುಗಿಸಿದರು.

“ಹತ್ತೊಂಬತ್ತಕ್ಕೆ ಏನು ಕೊಟ್ಟರು ಅಜ್ಜಿ?” ಎಂಬುದು ಮಕ್ಕಳ ಮೊದಲ ಪ್ರಶ್ನೆ. ಪದಕವೇನೂ ಇಲ್ಲ ಎಂದರೆ ಮುಖ ಸಪ್ಪಗಾಗುತ್ತದೆ. ನಾನು ಹಿತವಚನ ಹೇಳಹೋಗುವುದಿಲ್ಲ. “ಆಂಟ್‌ವರ್ಪಿಗೆ ಬೆಳಗಾವಿಯಿಂದ ಹೇಗೆ ಹೋಗಬೇಕು, ಹೇಳಿ” ಎಂದು ಭೂಪಟವನ್ನು ಬಿಡಿಸುತ್ತೇನೆ. ರೈಲು, ಹಡಗು, ಸಮುದ್ರ, ಚಳಿ, ಭಾಷೆ ತಿಳಿಯದ ಊರು. ಆಮೇಲೆ ಆ ಓಟ. ಬೆರಳುಗಳ ಫಡೆಪ್ಪ ಭೂಪಟದ ಮೇಲೆ ಬೆಳಗಾವಿಯಿಂದ ಹೊರಟು ಬೆಲ್ಜಿಯಂ ಸೇರುವಷ್ಟರಲ್ಲಿ ಪದಕದ ಮಾತು ಅವರಿಗೆ ಮರೆತೇ ಹೋಗಿರುತ್ತದೆ.

ಇನ್ನೊಂದು ಕೆಲಸವನ್ನು ಸ್ವಲ್ಪ ದೊಡ್ಡ ಮಕ್ಕಳಿಗೆ ಇಟ್ಟುಕೊಂಡಿದ್ದೇನೆ. ವೃತ್ತಪತ್ರಿಕೆಯ ಪಟ್ಟಿಗಳನ್ನು ಅಂಟಿಸಿ ಸರಿಯಾಗಿ ಒಂದು ಮೀಟರು ಉದ್ದ ಮಾಡಬೇಕು. ಇದನ್ನು ಒಂದು ಸೆಕೆಂಡು ಎಂದುಕೊಳ್ಳಿ. ಈಗ ತುದಿಯಿಂದ ಒಂದೇ ಒಂದು ಸೆಂಟಿಮೀಟರು ಕತ್ತರಿಸಿ ಅಂಗೈಯಲ್ಲಿಟ್ಟುಕೊಳ್ಳಿ. 1984ರಲ್ಲಿ ಲಾಸ್ ಏಂಜಲೀಸಿನಲ್ಲಿ 400 ಮೀಟರು ಹರ್ಡಲ್ಸ್ ಓಟದಲ್ಲಿ ಪಿ. ಟಿ. ಉಷಾ ಅವರಿಗೆ ಕಂಚಿನ ಪದಕ ತಪ್ಪಿದ್ದು ಇಷ್ಟರಿಂದ: ಒಂದು ಸೆಕೆಂಡಿನ ನೂರರಲ್ಲಿ ಒಂದು ಭಾಗ. ಒಬ್ಬ ಹುಡುಗಿ ಆ ಚೂರನ್ನು ನೋಡುತ್ತ ನೋಡುತ್ತ ಉಫ್ ಎಂದು ಊದಿದಳು. ಅದು ಹಾರಿಹೋಯಿತು. ಆಮೇಲೆ ಎಲ್ಲರೂ ಸೇರಿ ಅದನ್ನು ಹುಡುಕಿದರು; ಸಿಕ್ಕಲಿಲ್ಲ. ಆ ಕ್ರೀಡೆಗಳು 2028ರಲ್ಲಿ ಮತ್ತೆ ಲಾಸ್ ಏಂಜಲೀಸಿಗೆ ಬರಬೇಕಾಗಿವೆ.

ಪಂಜಿನ ವಿಷಯ ಚಿಕ್ಕದು. ರಟ್ಟನ್ನು ಶಂಖದಂತೆ ಸುತ್ತಿ, ಬಾಯಿಗೆ ಗಾಳಿಪಟದ ತೆಳುವಾದ ಕೆಂಪು ಹಳದಿ ಕಾಗದಗಳನ್ನು ಉರಿಯ ನಾಲಗೆಗಳಂತೆ ಸಿಕ್ಕಿಸಿದರೆ ಓಡುವಾಗ ಅದು ಪಟಪಟನೆ ಉರಿಯುತ್ತದೆ. ಒಲಿಂಪಿಯಾದಲ್ಲಿ ಸೂರ್ಯನ ಬಿಸಿಲನ್ನು ತಗ್ಗುಗನ್ನಡಿಯಲ್ಲಿ ಹಿಡಿದು ಜ್ವಾಲೆ ಹೊತ್ತಿಸುತ್ತಾರೆ. ಅಲ್ಲಿಂದ ಕೈಯಿಂದ ಕೈಗೆ ಸಾಗಿಸುವ ಪದ್ಧತಿ ಬಹಳ ಪುರಾತನವೆಂದು ಅನೇಕರು ತಿಳಿದಿದ್ದಾರೆ. ಅದು ಆರಂಭವಾದದ್ದು 1936ರಲ್ಲಿ, ಹಿಟ್ಲರನ ಬರ್ಲಿನ್ನಿಗೆ. 3,000ಕ್ಕೂ ಹೆಚ್ಚು ಮಂದಿ ಅದನ್ನು ಹೊತ್ತು ಓಡಿದರು. ದೊಡ್ಡ ಮಕ್ಕಳಿಗೆ ಇದನ್ನು ಮುಚ್ಚಿಡಬೇಕಾದ್ದಿಲ್ಲ. ಪಂಜು ಯಾರ ಕೈಯಿಂದ ಹೊರಟಿತೆಂಬುದನ್ನೂ ಅವರು ತಿಳಿಯಲಿ, ಮುಂದೆ ಯಾರ ಕೈಗೆ ಬಂತೆಂಬುದನ್ನೂ ತಿಳಿಯಲಿ. 1964ರ ಅಕ್ಟೋಬರ್ 10ರಂದು ಟೋಕಿಯೊದಲ್ಲಿ ಕೊನೆಯ ಪಂಜನ್ನು ಹಿಡಿದು ಮೆಟ್ಟಿಲೇರಿದ ತರುಣ ಯೋಷಿನೊರಿ ಸಕಾಯ್. ಅವರು ಹುಟ್ಟಿದ್ದು 1945ರ ಆಗಸ್ಟ್ 6ರಂದು, ಹಿರೋಷಿಮಾ ಪ್ರಾಂತದಲ್ಲಿ. ಅಣುಬಾಂಬು ಬಿದ್ದ ದಿನವೇ.

ಹಿರೋಷಿಮಾದ ಹೆಸರು ಬಂದ ಮೇಲೆ ಕಾಗದದ ಹಕ್ಕಿ ಬಾರದಿರುವುದು ಹೇಗೆ? ಬಾಂಬು ಬಿದ್ದಾಗ ಎರಡು ವರ್ಷದ ಮಗುವಾಗಿದ್ದ ಸದಾಕೊ ಸಸಾಕಿ ಎಂಬ ಹುಡುಗಿ ಆಸ್ಪತ್ರೆಯಲ್ಲಿ ಮಲಗಿ, ಔಷಧಿ ಸುತ್ತಿ ಬಂದ ಕಾಗದಗಳನ್ನೂ ಬಿಡದೆ ಕೊಕ್ಕರೆಗಳನ್ನು ಮಡಿಚುತ್ತ 1955ರಲ್ಲಿ ತೀರಿಕೊಂಡಳು. ಅವಳಿಗೆ ಹನ್ನೆರಡು ವರ್ಷ. ಕಾಗದದ ಕೆಲಸ ಕೆಲಸವಿಲ್ಲದವರದು ಎಂದು ಯಾರಾದರೂ ಹೇಳಿದರೆ ನನಗೆ ಅವಳ ನೆನಪಾಗುತ್ತದೆ.

ಒಲಿಂಪಿಕ್ಸಿನ ಹಕ್ಕಿ ಕೊಕ್ಕರೆಯಲ್ಲ, ಪಾರಿವಾಳ. 1920ರಿಂದ ಉದ್ಘಾಟನೆಯ ದಿನ ಶಾಂತಿಯ ಕುರುಹಾಗಿ ಪಾರಿವಾಳಗಳನ್ನು ಹಾರಿಬಿಡುವ ಸಂಪ್ರದಾಯವಿತ್ತು. 1988ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಹಾಗೆ ಬಿಟ್ಟ ಹಕ್ಕಿಗಳಲ್ಲಿ ಕೆಲವು ಜ್ಯೋತಿಯ ದೊಡ್ಡ ಕೊಪ್ಪರಿಗೆಯ ಅಂಚಿನಲ್ಲಿ ಹೋಗಿ ಕುಳಿತವು. ಅವು ಎದ್ದು ಹೋಗುವ ಮೊದಲೇ ಜ್ಯೋತಿಯನ್ನು ಹೊತ್ತಿಸಿದರು. ಲೋಕವೆಲ್ಲ ನೋಡುತ್ತಿದ್ದಂತೆ ಅವು ಸುಟ್ಟುಹೋದವು. ಕೆಲವು ವರ್ಷಗಳಲ್ಲಿ ಜೀವಂತ ಹಕ್ಕಿಗಳನ್ನು ಬಿಡುವುದೇ ನಿಂತುಹೋಯಿತು. 2021ರಲ್ಲಿ ಸಾಂಕ್ರಾಮಿಕದ ನಡುವೆ ಟೋಕಿಯೊದಲ್ಲಿ ಕ್ರೀಡೆಗಳು ನಡೆದಾಗ ಪ್ರೇಕ್ಷಕರಿಲ್ಲದ ಕ್ರೀಡಾಂಗಣದ ಮೇಲೆ ಉದುರಿದ್ದು ಪಾರಿವಾಳದ ಆಕಾರದ ಬಿಳಿಯ ಕಾಗದಗಳು. ಮಕ್ಕಳ ಜಗುಲಿಯಲ್ಲಿ ಮಾಡುವುದನ್ನು ಕೊನೆಗೆ ದೊಡ್ಡವರೂ ಮಾಡಬೇಕಾಯಿತು!

ನಮ್ಮ ಪಾರಿವಾಳ ಬಲು ಸುಲಭ. ತೆಳುವಾದ ರಟ್ಟಿನಲ್ಲಿ ಪಕ್ಕದಿಂದ ಕಾಣುವ ಹಕ್ಕಿಯ ಮೈಯನ್ನು ಕತ್ತರಿಸಿ, ರೆಕ್ಕೆ ಬೇಡ. ಬೆನ್ನಿನ ಸ್ವಲ್ಪ ಕೆಳಗೆ ಒಂದು ಸೀಳು. ಬಿಳಿಯ ಹಾಳೆಯೊಂದನ್ನು ಬೀಸಣಿಗೆಯಂತೆ ಹಿಂದೆ ಮುಂದೆ ಮಡಿಚುತ್ತ ಹೋಗಿ, ಆ ಮಡಿಕೆಯ ಕಟ್ಟನ್ನು ಸೀಳಿನಲ್ಲಿ ಅರ್ಧದವರೆಗೆ ತೂರಿಸಿ ಎರಡೂ ಕಡೆ ಬಿಡಿಸಿದರೆ ರೆಕ್ಕೆ ಹರಡಿಕೊಳ್ಳುತ್ತದೆ. ನೂಲು ಕಟ್ಟಿ ಬಾಗಿಲ ಚೌಕಟ್ಟಿಗೆ ತೂಗುಬಿಡಿ.

ಕೊನೆಯದು ಬೊಂಬೆಗಳ ಸಾಲು. ಇದಕ್ಕೂ ಒಂದು ಕಾಗದದ ಕಥೆಯಿದೆ. 1956ರಲ್ಲಿ ಮೆಲ್ಬರ್ನಿನಲ್ಲಿ ಕ್ರೀಡೆಗಳು ನಡೆಯುತ್ತಿದ್ದಾಗ ಜಾನ್ ಇಯಾನ್ ವಿಂಗ್ ಎಂಬ ಹದಿನೇಳು ವರ್ಷದ ಹುಡುಗ, ಬಡಗಿಯ ಕೆಲಸ ಕಲಿಯುತ್ತಿದ್ದವನು, ಸಂಘಟಕರಿಗೆ ಒಂದು ಪತ್ರ ಬರೆದ. ಮುಕ್ತಾಯದ ದಿನ ಆಟಗಾರರು ದೇಶದೇಶಗಳಾಗಿ ನಡೆಯುವುದು ಬೇಡ. ಎಲ್ಲರೂ ಬೆರೆತು ಒಂದೇ ರಾಷ್ಟ್ರದವರಂತೆ ನಡೆದರೆ ಚೆನ್ನ ಎಂಬುದು ಪತ್ರದ ಸಾರ. ಅದೇ ವರ್ಷ ಹಂಗೆರಿಯ ಮೇಲೆ ಸೋವಿಯತ್ ಸೇನೆ ನುಗ್ಗಿತ್ತು, ಸೂಯೆಜ್ ಕಾಲುವೆಯ ಬಳಿ ಯುದ್ಧ ನಡೆದಿತ್ತು, ಕೆಲವು ದೇಶಗಳು ಕ್ರೀಡೆಗಳಿಗೇ ಬಂದಿರಲಿಲ್ಲ. ಸಂಘಟಕರು ಹುಡುಗನ ಮಾತನ್ನು ನಡೆಸಿಕೊಟ್ಟರು. ಅಂದಿನಿಂದ ಮುಕ್ತಾಯದ ಮೆರವಣಿಗೆ ಬೆರಕೆಯ ಮೆರವಣಿಗೆಯಾಯಿತು.

ಒಂದು ಮೊಳ ಉದ್ದದ ಕಾಗದದ ಪಟ್ಟಿಯನ್ನು ಬೀಸಣಿಗೆಯಂತೆ ಮಡಿಚಿಕೊಳ್ಳಿ. ಮೇಲಿನ ಮಡಿಕೆಯ ಮೇಲೆ ಒಬ್ಬ ಮನುಷ್ಯನನ್ನು ಬರೆಯಿರಿ. ಅವನ ಎರಡು ಕೈಗಳೂ ಎರಡು ಅಂಚುಗಳನ್ನು ಮುಟ್ಟಬೇಕು. ಎಲ್ಲ ಮಡಿಕೆಗಳನ್ನೂ ಒಟ್ಟಿಗೆ ಹಿಡಿದು ಕತ್ತರಿಸಿರಿ. ಅಂಚಿಗೆ ತಾಗಿದ ಕೈಯ ತುದಿಯನ್ನು ಮಾತ್ರ ಕತ್ತರಿಸದೆ ಬಿಡಬೇಕು. ಬಿಡಿಸಿದರೆ ಒಬ್ಬರ ಕೈಯನ್ನೊಬ್ಬರು ಹಿಡಿದ ಸಾಲು. ಒಬ್ಬೊಬ್ಬರಿಗೂ ಬೇರೆ ಬೇರೆ ಬಣ್ಣದ ಅಂಗಿಯನ್ನು ಮಕ್ಕಳು ತಮಗೆ ತೋಚಿದಂತೆ ಹಚ್ಚಲಿ. ಒಬ್ಬಳಿಗೆ ಜಡೆ, ಒಬ್ಬನಿಗೆ ಪೇಟ, ಒಬ್ಬನಿಗೆ ಊರುಗೋಲು. ಮೊದಲ ಸಲ ಬಹುಮಟ್ಟಿಗೆ ಎಲ್ಲ ಮಕ್ಕಳೂ ಅಂಚಿನ ಕೈಗಳನ್ನು ಕತ್ತರಿಸಿಯೇಬಿಡುತ್ತಾರೆ, ಬಿಡಿಸಿದಾಗ ಬೊಂಬೆಗಳು ಬಿಡಿಬಿಡಿಯಾಗಿ ನೆಲದ ಮೇಲೆ ಉದುರುತ್ತವೆ. ಬಟ್ಟಲಲ್ಲಿ ಮೈದಾ ಸರಿ ಇನ್ನೂ ಉಳಿದಿದ್ದರೆ ಕೈಗೆ ಕೈ ಸೇರಿಸಿ ಅಂಟಿಸಬಹುದು.